ಎದೆ ಮೇಲಿನ ರುಬ್ಬುಗುಂಡು

ಕೇಳುಗರಿಗೆ ನಮಸ್ಕಾರ.

ನಾನು ತರಬೇತಿಯಲ್ಲಿದ್ದಾಗಿನ ಮಾತು. ಕೈಯಲ್ಲಿ ಪ್ರಶ್ನಾವಳಿ, ಎದುರಿಗೆ ಅರವತ್ತು ದಾಟಿದ ಒಬ್ಬ ಅಮ್ಮ. 'ಕಳೆದ ಎರಡು ವಾರಗಳಲ್ಲಿ ಖಿನ್ನತೆ ಅನಿಸಿದೆಯೇ?' ಅಂತ ಓದಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, 'ಅಂಥದ್ದೇನೂ ಇಲ್ಲಪ್ಪ' ಅಂದರು. ನಾನು 'ಇಲ್ಲ' ಅನ್ನೋ ಕಡೆ ಗುರುತು ಹಾಕಿದೆ. ಪಕ್ಕದಲ್ಲಿದ್ದ ನಮ್ಮ ಮೇಡಂ ಮೆಲ್ಲಗೆ ಕೇಳಿದರು, 'ಅಮ್ಮಾ, ರಾತ್ರಿ ಹೆಂಗಿರುತ್ತೆ?' 'ಎದೆ ಮೇಲೆ ರುಬ್ಬುಗುಂಡು ಇಟ್ಟಂಗೆ ಆಯ್ತದವ್ವ. ಮೂರು ಗಂಟೆಗೆ ಎಚ್ಚರ ಆದ್ರೆ ಮುಗೀತು.' ನಾನು ರಬ್ಬರ್ ಹುಡುಕಬೇಕಾಯಿತು.

ಆ ಅಮ್ಮ ಯಾರೆಂದು ಗೊತ್ತಾಗದಂತೆ ಒಂದೆರಡು ವಿವರ ಬದಲಾಯಿಸಿದ್ದೇನೆ. ಇದೂ ನಮ್ಮ ವೃತ್ತಿಯ ಪಾಠವೇ.

ನನ್ನ ಕೆಲಸದ ಹೆಸರು ಕ್ಲಿನಿಕಲ್ ಸೈಕಾಲಜಿಸ್ಟ್. ಊರಲ್ಲಿ ನಮ್ಮ ಮಾವ ಈಗಲೂ 'ಹುಚ್ಚಾಸ್ಪತ್ರೆ ಡಾಕ್ಟ್ರು' ಅಂತಾರೆ. ನಾನು ಎಂಬಿಬಿಎಸ್ ಓದಿಲ್ಲ, ಮಾತ್ರೆ ಬರೆಯುವುದಿಲ್ಲ. ಎಂಬಿಬಿಎಸ್ ಮುಗಿಸಿ ಮನೋರೋಗ ವಿಭಾಗದಲ್ಲಿ ಎಂಡಿ ಮಾಡಿದವರು ಸೈಕಿಯಾಟ್ರಿಸ್ಟ್. ಮಾತ್ರೆ ಅವರದು. ಮನೆಯವರ ಜೊತೆ ಕೂತು ಸಂಸಾರದ ಗಂಟು ಬಿಡಿಸೋದು, ಪಿಂಚಣಿ, ಕೆಲಸ ಅಂತ ಓಡಾಡೋದು ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್. ಪರೀಕ್ಷೆ ಮಾಡಿ ತೊಂದರೆ ಏನು ಅಂತ ಅಳೆಯೋದು, ವಾರವಾರ ಮಾತಿನ ಚಿಕಿತ್ಸೆ ಕೊಡೋದು ನಮ್ಮ ಪಾಲು. ಎಷ್ಟೋ ಸಲ ಮೂವರೂ ಬೇಕಾಗುತ್ತೆ. ಆ ಅಮ್ಮನಿಗೂ ಬೇಕಾಯಿತು.

ಸೈಕಾಲಜಿಯಲ್ಲಿ ಎಂಎ ಆದರೆ ಸಾಕು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಸಾಲದು. ಆಮೇಲೆ ಎರಡು ವರ್ಷದ ಎಂಫಿಲ್. ಓದು ಕಮ್ಮಿ, ವಾರ್ಡು ಜಾಸ್ತಿ. ಬರೆದ ಪ್ರತಿ ವರದಿಯನ್ನೂ ಹಿರಿಯರು ಕೆಂಪು ಪೆನ್ನಿನಲ್ಲಿ ಗೀಚುತ್ತಾರೆ. ಹಾಗೆ ಗೀಚಿಸಿಕೊಂಡಿದ್ದರಿಂದಲೇ ನಾನು ಕಲಿತೆ. ಕೊನೆಗೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ. ದೇಶದಲ್ಲಿ ಎಂಫಿಲ್ ಪದವಿಯನ್ನೇ ಕೈಬಿಡುತ್ತಿರುವುದರಿಂದ ಈ ಕೋರ್ಸಿನ ರೂಪ ಬದಲಾಗುತ್ತಿದೆ. ಸೇರುವವರು ಆಯಾ ವರ್ಷದ ನಿಯಮ ನೋಡಿಕೊಳ್ಳಬೇಕು. ನೀವು ಯಾರ ಹತ್ತಿರವಾದರೂ ಹೋದಾಗ ನೋಂದಣಿ ಸಂಖ್ಯೆ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ. ಮಾಡಿಕೊಂಡರೆ ಎದ್ದು ಬನ್ನಿ.

ಈ ತರಬೇತಿ ದೇಶದಲ್ಲಿ ಮೊದಲು ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, ಮರುವರ್ಷವೇ ಈ ಕೋರ್ಸ್. 1974ರಲ್ಲಿ ಸಂಸ್ಥೆಯೂ ಪಕ್ಕದ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಸೇರಿ ನಿಮ್ಹಾನ್ಸ್ ಆಯಿತು. ಇನ್ನೂ ಹಿಂದಕ್ಕೆ ಹೋದರೆ ಮೈಸೂರು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದ ಪುಣ್ಯಾತ್ಮರೂ ಅವರೇ. ಅದಕ್ಕೆ ಆಕಾಶವಾಣಿ ಅಂತ ಹೆಸರು ಬಂತು. ನನ್ನ ವೃತ್ತಿಗೂ ಈ ಮೈಕಿಗೂ ಹೀಗೊಂದು ನೆಂಟಸ್ತನ!

ಪ್ರಶ್ನೆಯನ್ನು ಜನರ ಭಾಷೆಯಲ್ಲೇ ಕೇಳೋ ವಿಷಯಕ್ಕೆ ಮತ್ತೆ ಬರುತ್ತೇನೆ. 1930ರ ದಶಕದಲ್ಲಿ ವಿ.ವಿ. ಕಾಮತ್ ಅನ್ನುವವರು ಫ್ರಾನ್ಸಿನ ಬಿನೆ ಬುದ್ಧಿಶಕ್ತಿ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಸುಮ್ನೆ ಅನುವಾದ ಮಾಡಿದ್ದಲ್ಲ. ಇಲ್ಲಿನ ಮಕ್ಕಳ ಮೇಲೆ ಪ್ರಯೋಗಿಸಿ ನೋಡಿದರು. ಬಿನೆ-ಕಾಮತ್ ಪರೀಕ್ಷೆ ಈಗಲೂ ಬಳಕೆಯಲ್ಲಿದೆ. ಅದರ ಪ್ರಶ್ನೆ ಒಂದನ್ನು ಹೇಳೋಣ ಅನಿಸುತ್ತೆ, ಆದರೆ ಹೇಳಬಾರದು. ಪ್ರಶ್ನೆ ಗೊತ್ತಾದರೆ ಪರೀಕ್ಷೆ ಕೆಟ್ಟಿತು.

ನಮ್ಮ ಜನ ಮನಸ್ಸಿನ ಕಾಯಿಲೆಯನ್ನು ಮೈಯಲ್ಲಿಟ್ಟು ಹೇಳುತ್ತಾರೆ. 'ಹೊಟ್ಟೆ ತೊಳಸುತ್ತೆ', 'ಕೈಕಾಲು ಸೋತು ಹೋಗುತ್ತೆ', 'ಜೀವ ಧಸಕ್ ಅನ್ನುತ್ತೆ'. ಇದನ್ನೆಲ್ಲ ಗ್ಯಾಸ್ಟ್ರಿಕ್ ಅಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗಿದವರು ನಮ್ಮ ಹತ್ತಿರ ಬರುವುದು ಕೊನೆಗೆ. ಎದೆನೋವನ್ನು ವೈದ್ಯರಿಗೆ ಮೊದಲು ತೋರಿಸಲೇಬೇಕು, ಅದು ಬೇರೆ ಮಾತು. ಎಲ್ಲ ರಿಪೋರ್ಟೂ ಸರಿಯಿದ್ದು ಭಾರ ಮಾತ್ರ ಇಳಿಯದಿದ್ದರೆ ಇನ್ನೊಂದು ಬಾಗಿಲಿದೆ.

ಕೂಡಲೇ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ಸಂಖ್ಯೆ 14416. ಮತ್ತೊಮ್ಮೆ, ಒಂದು ನಾಲ್ಕು ನಾಲ್ಕು ಒಂದು ಆರು. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಖಿನ್ನತೆ ಅನ್ನೋ ಪದ ಗೊತ್ತಿರಬೇಕು ಅಂತೇನಿಲ್ಲ. ಮೂರು ಗಂಟೆಗೆ ಎಚ್ಚರ ಆಗುತ್ತೆ ಅಂದರೂ ಸಾಕು.

ನಮಸ್ಕಾರ.