ಅಪ್ಪನ ಮಳೆ ಪುಸ್ತಕ ಮತ್ತು ನನ್ನ ಎಂಟು ತಿಂಗಳು

ನಮಸ್ಕಾರ. ಈಗ ನೀವು ನೋಡುತ್ತಿರುವುದು ನಮ್ಮ ಮನೆಯಂಗಳದ ತುದಿಯಲ್ಲಿರುವ ಮಳೆಮಾಪಕ. ಸುಂಟಿಕೊಪ್ಪದಿಂದ ಮಾದಾಪುರದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಆರು ಎಕರೆ ರೊಬಸ್ಟಾ ಕಾಫಿ ತೋಟದ ನಡುವೆ ನಮ್ಮ ಮನೆಯಿದೆ. ಎಪ್ಪತ್ತೊಂದು ವರ್ಷದ ನನ್ನ ಅಪ್ಪ ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ಈ ಮಾಪಕದ ಮುಂದೆ ಬಗ್ಗಿ, ಒಳಗೆ ಸೇರಿದ ನೀರನ್ನು ಗಾಜಿನ ಅಳತೆಗೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಒಳಗೆ ಬಂದು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಾರೆ. ಕೊಡಗಿನ ತೋಟಗಳಲ್ಲಿ ಇಂದಿಗೂ ಮಳೆಯ ಲೆಕ್ಕ ನಡೆಯುವುದು ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಮಳೆಯಿಲ್ಲದ ದಿನವೂ ಅಪ್ಪ ಸೊನ್ನೆ ಬರೆಯುತ್ತಾರೆ, ಖಾಲಿ ಬಿಡುವುದಿಲ್ಲ.

ಈ ಪುಸ್ತಕಗಳಲ್ಲಿ ಮಳೆಯ ಜೊತೆಗೆ ಒಂದೆರಡು ಪದಗಳ ಟಿಪ್ಪಣಿಯೂ ಇರುತ್ತದೆ. ನಾನು ಹುಟ್ಟಿದ ದಿನದ ಸಾಲಿನಲ್ಲಿ "1 ಇಂಚು 85 ಸೆಂಟ್. ಹೆಣ್ಣು ಮಗು" ಎಂದಿದೆ. 2018ರ ಆಗಸ್ಟ್ ತಿಂಗಳ ಹಾಳೆಯಲ್ಲಿ ಒಂದು ಕಡೆ ಅಂಕಿಯೇ ಇಲ್ಲ. "ಪಾತ್ರೆ ತುಂಬಿ ಹರಿದಿದೆ" ಎಂದಷ್ಟೇ ಇದೆ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲಗಳಲ್ಲಿ ಗುಡ್ಡಗಳು ಜಾರಿ ಮನೆಗಳನ್ನೇ ಹೊತ್ತುಕೊಂಡು ಹೋದ ವಾರವದು. ಆಗ ನಾನು ನಾಲ್ಕು ತಿಂಗಳ ಮಗಳನ್ನು ಎತ್ತಿಕೊಂಡು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಫೋನ್ ಹಿಡಿದು ಕುಳಿತಿದ್ದೆ. ಎರಡು ದಿನ ಅಪ್ಪ ಅಮ್ಮನ ಧ್ವನಿ ಕೇಳಿರಲಿಲ್ಲ. ಮುಂದೆ 2020ರಲ್ಲಿ ಮನೆಯಿಂದಲೇ ಕೆಲಸ ಮಾಡುವ ಅವಕಾಶ ತೆರೆದಾಗ ನಾನು ಮಗಳೊಂದಿಗೆ ಊರಿಗೆ ಬಂದುಬಿಟ್ಟದ್ದಕ್ಕೆ ಆ ಎರಡು ದಿನಗಳೇ ಕಾರಣ. ನನ್ನ ಪತಿಯ ಕೆಲಸ ಮೈಸೂರಿನಲ್ಲಿ. ಶನಿವಾರ ಬರುತ್ತಾರೆ, ಸೋಮವಾರ ನಸುಕಿನಲ್ಲಿ ಹೊರಡುತ್ತಾರೆ.

ನಾನು ಸಾಕ್ಷ್ಯಚಿತ್ರಗಳ ಸಂಕಲನ ಮಾಡುತ್ತೇನೆ. ಯಾರೋ ತಿಂಗಳುಗಟ್ಟಲೆ ತಿರುಗಿ ಚಿತ್ರೀಕರಿಸಿ ತಂದ ನೂರಾರು ಗಂಟೆಗಳ ದೃಶ್ಯಗಳ ಮುಂದೆ ಕುಳಿತು, ಯಾವ ಮುಖದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಯಾವ ಮಾತಿನ ನಂತರ ಮೌನ ಬೇಕು ಎಂದು ನಿರ್ಧರಿಸುವ ಕೆಲಸವದು. ಈ ಕೆಲಸವನ್ನು ನಾನು ಪ್ರೀತಿಸುತ್ತೇನೆ. ಒಂದು ದೃಶ್ಯ ಸರಿಯಾಗಿ ಕೂಡಿಕೊಂಡ ಕ್ಷಣದಲ್ಲಿ ಮೈಯಲ್ಲಿ ಹರಿಯುವ ಹುರುಪನ್ನು ಬೇರೆ ಯಾವುದೂ ನನಗೆ ಕೊಟ್ಟಿಲ್ಲ, ಮತ್ತು ಇದನ್ನು ಹೇಳುವಾಗ ಒಬ್ಬ ತಾಯಿಯಾಗಿ ನನಗೆ ಸಂಕೋಚವಾಗಬೇಕೆಂದು ನಾನು ಭಾವಿಸುವುದಿಲ್ಲ.

ಕಳೆದ ವರ್ಷ ಫೆಬ್ರವರಿಯಲ್ಲಿ ಮುಂಬೈನಿಂದ ಒಂದು ಕರೆ ಬಂತು. ಐದು ಕಂತುಗಳ ಸರಣಿಯೊಂದಕ್ಕೆ ಮುಖ್ಯ ಸಂಕಲನಕಾರಳಾಗಿ ಬರಬೇಕು, ಎಂಟು ತಿಂಗಳು ಅಲ್ಲಿಯೇ ಇರಬೇಕು ಎಂಬುದು ಅವರ ಬೇಡಿಕೆ. ಹದಿಮೂರು ವರ್ಷದ ದುಡಿಮೆಯಲ್ಲಿ ಅಂತಹ ಅವಕಾಶ ನನಗೆ ಮೊದಲ ಬಾರಿ ಸಿಕ್ಕಿತ್ತು. ಅದೇ ವಾರ ಅಪ್ಪನ ಬಲ ಮಂಡಿ ನೋವು ಹೆಚ್ಚಾಗಿ, ವೈದ್ಯರು ತೋಟದ ಇಳಿಜಾರಿನಲ್ಲಿ ಓಡಾಡುವುದನ್ನು ಕಡಿಮೆ ಮಾಡಬೇಕೆಂದು ಹೇಳಿದ್ದರು. ಕಾಫಿ ಹಣ್ಣಿನ ಕೊಯ್ಲು ಮುಗಿದಿರಲಿಲ್ಲ, ಕರಿಮೆಣಸಿನ ಕೊಯ್ಲಿಗೆ ಆಳುಗಳು ಸಿಕ್ಕಿರಲಿಲ್ಲ, ಮಗಳನ್ನು ಮುಂದೆ ಯಾವ ಶಾಲೆಗೆ ಸೇರಿಸುವುದೆಂಬ ಮಾತು ಮನೆಯಲ್ಲಿ ಆಗಷ್ಟೇ ಆರಂಭವಾಗಿತ್ತು. ನಾನು ಯಾರಿಗೂ ಹೇಳದೆ ಮನಸ್ಸಿನಲ್ಲೇ ಆ ಕೆಲಸವನ್ನು ಬಿಟ್ಟುಬಿಟ್ಟೆ. ಹನ್ನೆರಡು ದಿನ ಆ ವಿಷಯವನ್ನು ಒಳಗೇ ಇಟ್ಟುಕೊಂಡಿದ್ದೆ. ನಿರಾಕರಣೆಯ ಪತ್ರವನ್ನು ಬರೆದಿಟ್ಟಿದ್ದೆ, ಕಳುಹಿಸಿರಲಿಲ್ಲ.

ಆ ಹನ್ನೆರಡು ದಿನಗಳಲ್ಲಿ ನಾನು ಹೇಗಿದ್ದೆ ಎಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ. ಮಗಳು ಲೋಟ ಬೀಳಿಸಿದರೆ ಅಗತ್ಯಕ್ಕಿಂತ ಜೋರಾಗಿ ಗದರುತ್ತಿದ್ದೆ. ಅಪ್ಪ ನೀರು ಕೇಳಿದರೆ ಕೊಟ್ಟು, ಮಾತಾಡದೆ ತಿರುಗಿ ಬರುತ್ತಿದ್ದೆ. ಇವರಿಗಾಗಿ ನಾನು ಇಷ್ಟು ದೊಡ್ಡದನ್ನು ಬಿಡುತ್ತಿದ್ದೇನೆ, ಇವರಿಗೆ ಅದರ ಅರಿವೇ ಇಲ್ಲ ಎಂಬ ಕೋಪ ನನ್ನೊಳಗೆ ಬೆಳೆಯುತ್ತಿತ್ತು. ಅರಿವಿರುವುದಾದರೂ ಹೇಗೆ, ನಾನು ಹೇಳಿರಲೇ ಇಲ್ಲವಲ್ಲ.

ಒಂದು ಮಧ್ಯಾಹ್ನ ಕಣದಲ್ಲಿ ಕಾಫಿ ಹಣ್ಣು ಕೈಯಾಡಿಸುತ್ತಿದ್ದೆವು. ಒಣಗುತ್ತಿರುವ ರೊಬಸ್ಟಾವನ್ನು ಮರದ ಹಲಗೆಯಿಂದ ಎಳೆಯುವಾಗ ಮೊದಲ ಒಂದೆರಡು ದಿನ ಅದು ಒದ್ದೆಯಾಗಿ ಅಂಟಿಕೊಂಡು ಬರುತ್ತದೆ. ದಿನ ಕಳೆದಂತೆ ಸದ್ದು ಬದಲಾಗಿ, ಕೊನೆಗೆ ಮುಷ್ಟಿಯಲ್ಲಿ ಹಿಡಿದು ಅಲುಗಿಸಿದರೆ ಸಿಪ್ಪೆಯೊಳಗೆ ಬೀಜ ಗಿಲಕಿಯಂತೆ ಆಡುತ್ತದೆ. ಅಮ್ಮ ಹಾಗೆ ಅಲುಗಿಸಿ ಕಿವಿಯ ಬಳಿ ಹಿಡಿದವರು, ನನ್ನ ಕಡೆ ನೋಡದೆಯೇ, "ಏನಾಗಿದೆ ಪುಟ್ಟಿ, ಹತ್ತು ದಿನದಿಂದ ನೀನು ಮನೆಯಲ್ಲೇ ಇಲ್ಲ" ಎಂದರು. ನಾನು ಹಲಗೆಯನ್ನು ಅಲ್ಲೇ ಬಿಟ್ಟು ಎಲ್ಲವನ್ನೂ ಹೇಳಿದೆ. ಅಮ್ಮ ಸಂಜೆ ಅಪ್ಪನಿಗೆ ಹೇಳಿದರು.

ಅಪ್ಪನಿಗೆ ಸಂತೋಷವಾಗಲಿಲ್ಲ, ನೋವಾಯಿತು. ಜಗುಲಿಯಲ್ಲಿ ಕುಳಿತು ಬಹಳ ಹೊತ್ತಿನ ನಂತರ ಅವರು ಹೇಳಿದ್ದು ಇಷ್ಟು: "ನನ್ನ ಮಂಡಿನೋವಿನ ಹೆಸರು ಹೇಳಿ ನೀನು ಕೆಲಸ ಬಿಟ್ಟರೆ, ಆ ಭಾರವನ್ನೂ ನಾನೇ ಹೊರಬೇಕಲ್ಲ ಮಗಳೇ. ನನ್ನನ್ನು ಒಂದು ಮಾತು ಕೇಳಬಾರದಿತ್ತೇ?"

ನಾನು ಈ ವಿಡಿಯೊ ಮಾಡುತ್ತಿರುವುದು ಆ ಒಂದು ಪ್ರಶ್ನೆಗಾಗಿ. ಮನೆಯವರಿಗಾಗಿ ತ್ಯಾಗ ಮಾಡುವುದನ್ನು ನಾವು ಚಿಕ್ಕಂದಿನಿಂದ ದೊಡ್ಡ ಗುಣವೆಂದೇ ಕೇಳುತ್ತ ಬೆಳೆದಿದ್ದೇವೆ, ಹೆಣ್ಣುಮಕ್ಕಳಂತೂ ಇನ್ನೂ ಹೆಚ್ಚು ಕೇಳಿದ್ದೇವೆ. ಆದರೆ ಯಾರಿಗಾಗಿ ಬಿಡುತ್ತಿದ್ದೇವೋ ಅವರನ್ನು ಕೇಳದೆ ಬಿಡುವುದು ಅವರ ಪಾಲಿನ ಮಾತನ್ನು ಕಸಿದುಕೊಳ್ಳುವುದೇ ಆಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ನನ್ನ ಬೆಳವಣಿಗೆ ಒಂದು ತಟ್ಟೆಯಲ್ಲಿ, ಕುಟುಂಬ ಇನ್ನೊಂದು ತಟ್ಟೆಯಲ್ಲಿ ಎಂದು ತಕ್ಕಡಿ ಹಿಡಿದು ನಾನೊಬ್ಬಳೇ ನಿಂತಿದ್ದೆ. ಆ ಕುಟುಂಬದಲ್ಲಿ ಲೆಕ್ಕ ಬಲ್ಲ, ಅನುಭವವಿರುವ, ನನ್ನನ್ನು ಪ್ರೀತಿಸುವ ನಾಲ್ಕು ಜನರಿದ್ದರು.

ಆ ಶನಿವಾರ ರಾತ್ರಿ ಎಲ್ಲರೂ ಕುಳಿತೆವು. ಪತಿ ಮೈಸೂರಿನಿಂದ ಬಂದಿದ್ದರು, ಹೈದರಾಬಾದಿನಲ್ಲಿರುವ ಅಣ್ಣ ಫೋನಿನಲ್ಲಿದ್ದ. ಅಪ್ಪ ತಮ್ಮ ಮಳೆ ಪುಸ್ತಕ ತಂದರು, ನಾನು ಮುಂಬೈನವರ ಕರಾರುಪತ್ರದ ಪ್ರತಿ ತಂದೆ. ವರ್ಷದ ಯಾವ ವಾರ ತೋಟಕ್ಕೆ ಯಾರು ಬೇಕೇ ಬೇಕು ಎಂಬುದನ್ನು ಅಪ್ಪ ಹೇಳುತ್ತ ಹೋದರು, ನಾನು ಬರೆದುಕೊಂಡೆ.

ಫೆಬ್ರವರಿ ಕೊನೆ ಮತ್ತು ಮಾರ್ಚ್ ಬಿಟ್ಟುಕೊಡಲಾಗದ ಕಾಲ. ಒಂದು ಇಂಚಿನಷ್ಟು ಹೂಮಳೆ ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಿ ನೀರು ಕೊಡಬೇಕು, ನೀರು ಬಿದ್ದ ಎಂಟನೆಯ ದಿನದ ಹೊತ್ತಿಗೆ ತೋಟವೆಲ್ಲ ಬಿಳಿಯಾಗಿ ಅರಳುತ್ತದೆ, ಎರಡು ಮೂರು ವಾರಗಳ ನಂತರ ಕಾಯಿ ನಿಲ್ಲಲು ಮತ್ತೆ ನೀರು ಬೇಕು. ರೊಬಸ್ಟಾ ಹೂವಿಗೆ ಬೇರೆ ಗಿಡದ ಪರಾಗ ಬಂದು ಸೇರಬೇಕಾದ್ದರಿಂದ ಗಾಳಿ ಮತ್ತು ಜೇನ್ನೊಣಗಳು ಓಡಾಡುವ ಆ ಎರಡು ಮೂರು ದಿನಗಳು ವರ್ಷದ ಫಸಲನ್ನೇ ನಿರ್ಧರಿಸುತ್ತವೆ. ಹಳ್ಳದಿಂದ ಪೈಪ್ ಎಳೆಯುವುದು, ರಾತ್ರಿ ಪಂಪಿನ ಬಳಿ ಕಾಯುವುದು ಅಪ್ಪನ ಮಂಡಿಗೆ ಆಗದ ಕೆಲಸ. ಅದೇ ರೀತಿ ಡಿಸೆಂಬರ್ ಕೊನೆಯಿಂದ ಕೊಯ್ಲು. ನಡುವಿನ ಜೂನ್, ಜುಲೈ ತಿಂಗಳುಗಳಲ್ಲಿ ನಾನು ಇರಲೇಬೇಕೆಂದು ಅಂದುಕೊಂಡಿದ್ದೆ, ಏಕೆಂದರೆ ನನ್ನ ಮಟ್ಟಿಗೆ ಮಳೆಗಾಲವೆಂದರೆ 2018. ಅಪ್ಪ ಒಪ್ಪಲಿಲ್ಲ. "ಮಳೆಗಾಲದಲ್ಲಿ ತೋಟಕ್ಕೆ ನಿನ್ನಿಂದ ಆಗಬೇಕಾದ್ದು ಏನೂ ಇಲ್ಲ. ಕರೆಂಟಿಲ್ಲದ ಮನೆಯಲ್ಲಿ ಕುಳಿತು ನೀನು ಏನು ಕತ್ತರಿಸುತ್ತೀಯ?" ಎಂದರು.

ಆ ಮಾತು ನಿಜ. ಮರ ಬಿದ್ದು ತಂತಿ ಹರಿದರೆ ನಮ್ಮಲ್ಲಿ ಮೂರು ನಾಲ್ಕು ದಿನ ವಿದ್ಯುತ್ ಇರುವುದಿಲ್ಲ. ಸಂಕಲನದ ಕೆಲಸ ಗೊತ್ತಿಲ್ಲದವರಿಗಾಗಿ ಒಂದು ಲೆಕ್ಕ ಹೇಳುತ್ತೇನೆ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದ ಒಂದು ಗಂಟೆಯ 4ಕೆ ದೃಶ್ಯ ಸುಮಾರು 45 ಗಿಗಾಬೈಟ್ ಆಗುತ್ತದೆ. 10 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಅದೊಂದನ್ನು ತರಿಸಿಕೊಳ್ಳಲು ಹತ್ತು ಗಂಟೆ ಬೇಕು, ಅದೂ ಸಂಪರ್ಕ ಕಡಿಯದಿದ್ದರೆ. ಅದೇ ದೃಶ್ಯದ ಹತ್ತರಲ್ಲೊಂದು ಗಾತ್ರದ ಹಗುರ ಪ್ರತಿ ಮಾಡಿಕೊಂಡರೆ ಒಂದು ಗಂಟೆಯಲ್ಲಿ ಬರುತ್ತದೆ. ಅದರ ಮೇಲೆ ಇಲ್ಲಿ ಸಂಕಲನ ಮಾಡಿ, ಆ ಕತ್ತರಿಸುವಿಕೆಯ ಟಿಪ್ಪಣಿಯಿರುವ ಸಣ್ಣ ಕಡತವನ್ನು ಮಾತ್ರ ಕಳುಹಿಸಿದರೆ, ಮುಂಬೈನಲ್ಲಿ ಅದು ಮೂಲ ದೃಶ್ಯಗಳಿಗೆ ಜೋಡಿಕೊಳ್ಳುತ್ತದೆ. ಪ್ರಾಕ್ಸಿ ಎಂದು ಕರೆಯುವ ಈ ವಿಧಾನದಿಂದ ಮನೆಯಿಂದ ಕೆಲಸ ಮಾಡುವುದು ಸಾಧ್ಯ. ಮಳೆಗಾಲದಲ್ಲಿ ಮಾತ್ರ ಅದನ್ನು ನಂಬಲಾಗದು.

ಹೀಗೆ ಅಪ್ಪನ ಪುಸ್ತಕ ಮತ್ತು ನನ್ನ ಕಡತಗಳ ಲೆಕ್ಕ ಒಂದೇ ಉತ್ತರಕ್ಕೆ ಬಂದವು. ಏಪ್ರಿಲ್, ಮೇ ಮನೆಯಿಂದ. ಜೂನ್, ಜುಲೈ ಮುಂಬೈ. ಆಗಸ್ಟ್‌ನಲ್ಲಿ ಮಾತ್ರ ಏನೇ ಆದರೂ ನಾನು ಊರಿನಲ್ಲಿರುತ್ತೇನೆ ಎಂಬ ಹಠವನ್ನು ಬಿಡಲಿಲ್ಲ, ಅದಕ್ಕೆ ಯಾರೂ ವಾದಿಸಲಿಲ್ಲ. ನಾನು ಮುಂಬೈನಲ್ಲಿರುವ ಎರಡು ತಿಂಗಳು ಮಗಳು ಅಜ್ಜಿ ತಾತನ ಜೊತೆ ಇರುವುದೆಂದೂ, ಪತಿ ವಾರದ ನಡುವೆ ಒಂದು ದಿನ ಹೆಚ್ಚಾಗಿ ಬರುವುದೆಂದೂ ತೀರ್ಮಾನವಾಯಿತು.

ಅದೇ ರಾತ್ರಿ ಇನ್ನೊಂದು ವಿಷಯವೂ ಎದ್ದಿತು. ಅದನ್ನು ಎತ್ತಿದ್ದು ಅಣ್ಣ. ತೋಟದ ಭಾಗದ ಮಾತನ್ನು ಅಪ್ಪನ ಆರೋಗ್ಯ ಚೆನ್ನಾಗಿರುವಾಗಲೇ ಸ್ಪಷ್ಟ ಮಾಡಿಕೊಳ್ಳೋಣ, ತನಗೆಷ್ಟೋ ತಂಗಿಗೂ ಅಷ್ಟೇ ಎಂದ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ, ಆವರೆಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಅದನ್ನು ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಹುಟ್ಟಿನಿಂದಲೇ ಬರುವ ಹಕ್ಕು ಇದು ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಇದೆಲ್ಲ ನನಗೆ ಓದಿ ಗೊತ್ತಿತ್ತು. ಆದರೂ ತೋಟ ಅಣ್ಣನದು, ನಾನು ನೋಡಿಕೊಳ್ಳುತ್ತಿರುವವಳು ಎಂಬ ಭಾವನೆ ಒಳಗೆ ಎಲ್ಲೋ ಉಳಿದಿತ್ತು. ಪಂಪಿನ ಬಳಿ ಕಾದ ರಾತ್ರಿಗಳನ್ನು ನನ್ನ ಕಲೆಯಿಂದ ಕದ್ದ ಸಮಯವೆಂದು ಎಣಿಸುತ್ತಿದ್ದೆ. ಅಣ್ಣ ಆ ಮಾತು ಹೇಳಿದ ಮೇಲೆ ಆ ಎಣಿಕೆ ನಿಂತಿತು. 2024ರಲ್ಲಿ ರೊಬಸ್ಟಾ ಚೆರಿಯ, ಅಂದರೆ ಸಿಪ್ಪೆಸಹಿತ ಒಣಗಿಸಿದ ಹಣ್ಣಿನ, ಐವತ್ತು ಕೆ.ಜಿ. ಮೂಟೆ ಹತ್ತು ಸಾವಿರ ರೂಪಾಯಿ ದಾಟಿದಾಗ ಬಂದ ಹಣದಲ್ಲೇ ನನ್ನ ಸಂಕಲನದ ಕಂಪ್ಯೂಟರ್ ಬಂದಿತ್ತು ಎಂಬುದನ್ನು ಅಮ್ಮ ಆಗ ನೆನಪಿಸಿದರು.

ಈಗ ಪರದೆಯ ಮೇಲಿರುವುದು ಗುಂಡುಗುಟ್ಟಿಯ ಕಡೆಯ ರಸ್ತೆ. ಕರಾರಿಗೆ ಸಹಿ ಹಾಕುವ ಮುನ್ನ ನಾನು ಈ ದಾರಿಯಲ್ಲಿ ಒಬ್ಬಳೇ ನಡೆದಿದ್ದೆ. ತೊಂಬತ್ತು ವರ್ಷಗಳ ಹಿಂದೆ ಇಲ್ಲಿಯ ಕಾಫಿ ತೋಟದ ಮನೆಯೊಂದರಲ್ಲಿ ಕೊಡಗಿನ ಗೌರಮ್ಮ ಸಂಸಾರ ಮಾಡುತ್ತ ಕತೆಗಳನ್ನು ಬರೆದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅವರು ತಮ್ಮ ಮನೆಗೂ ಬರಬೇಕೆಂದು ಉಪವಾಸ ಕುಳಿತು, ಬಂದವರ ಕೈಗೆ ತಮ್ಮ ಒಡವೆಗಳನ್ನು ಹರಿಜನ ನಿಧಿಗೆಂದು ಕೊಟ್ಟ ಹೆಣ್ಣುಮಗಳು ಅವರು. ಅಷ್ಟು ಗಟ್ಟಿ ಮನಸ್ಸಿನವರು ಕತೆಗಳ ಕೆಳಗೆ ಹಾಕುತ್ತಿದ್ದ ಹೆಸರು "ಮಿಸೆಸ್ ಬಿ.ಟಿ.ಜಿ. ಕೃಷ್ಣ". 1939ರಲ್ಲಿ ನೀರಿನ ಪಾಲಾದಾಗ ಅವರಿಗೆ ಇಪ್ಪತ್ತೇಳು ವರ್ಷ. ಆ ದಾರಿಯಲ್ಲಿ ನಡೆಯುವಾಗ ಅವರ ದಿನ ಹೇಗಿದ್ದಿರಬಹುದೆಂದು, ಮಗು ಮಲಗಿದ ಮೇಲೆ ಬರೆಯುತ್ತಿದ್ದರೋ, ಅಡುಗೆಗೆ ಮುಂಚೆ ಬರೆಯುತ್ತಿದ್ದರೋ ಎಂದು ಯೋಚಿಸುತ್ತಲೇ ಇದ್ದೆ. ಸರಣಿಯ ಶೀರ್ಷಿಕೆಯಲ್ಲಿ ನನ್ನ ಹೆಸರು ಹೇಗೆ ಬರಬೇಕೆಂದು ಮುಂಬೈನವರು ಕೇಳಿದಾಗ, ಅಪ್ಪ ಶಾಲೆಗೆ ಸೇರಿಸುವಾಗ ಬರೆಸಿದ ಹೆಸರನ್ನೇ ಕೊಟ್ಟೆ.

ಎಲ್ಲವೂ ಸಿಕ್ಕಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ತಿಂಗಳು ಮಾತ್ರ ಬರುವವಳಿಗೆ ಐದೂ ಕಂತುಗಳ ಹೊಣೆ ಕೊಡಲಾಗದೆಂದು ಅವರು ಸೌಜನ್ಯದಿಂದಲೇ ಹೇಳಿ, ಎರಡು ಕಂತುಗಳನ್ನು ಕೊಟ್ಟರು. ಸಂಭಾವನೆ ಅರ್ಧಕ್ಕಿಂತ ಕಡಿಮೆಯಾಯಿತು. ಉಳಿದ ಮೂರು ಕಂತುಗಳನ್ನು ಬೇರೆಯವರು ಚೆನ್ನಾಗಿ ಮಾಡಿದ್ದಾರೆ, ಅವನ್ನು ನೋಡುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮುಂಬೈನಿಂದ ರಾತ್ರಿ ವಿಡಿಯೊ ಕರೆ ಮಾಡಿದಾಗ ಮಗಳು ಮೊದಲ ವಾರ ಅತ್ತಳು, ಮೂರನೆಯ ವಾರ ಆಟ ಬಿಟ್ಟು ಬರಲು ಒಪ್ಪಲಿಲ್ಲ. ಎರಡನೆಯದು ನನಗೆ ಹೆಚ್ಚು ನೋವು ಕೊಟ್ಟಿತು. ಆದರೆ ಈ ನಷ್ಟಗಳ ಬಗ್ಗೆ ನಾನು ಯಾರ ಮೇಲೂ ಕೋಪಿಸಿಕೊಂಡಿಲ್ಲ, ಮನೆಯವರೆಲ್ಲರಿಗೂ ಅವು ಮೊದಲೇ ಗೊತ್ತಿದ್ದವು, ನನ್ನ ಸಂಕಟವನ್ನು ಅಮ್ಮನ ಮುಂದೆ ಅಡುಗೆಮನೆಯಲ್ಲಿ ಕುಳಿತು ಹೇಳಿಕೊಳ್ಳಲು ಸಾಧ್ಯವಾಗಿದೆ. ಜುಲೈ ಕೊನೆಯ ದಿನ ನಾನು ಮನೆಗೆ ಬಂದೆ. ಆಗಸ್ಟ್ ಆರಂಭದಲ್ಲಿ ಬರುವ ಆಟಿ ಹದಿನೆಂಟರ ದಿನ ಅಮ್ಮ ಮಾಡಿದ ಮದ್ದುಸೊಪ್ಪಿನ ಪಾಯಸವನ್ನು ನಾನೂ ಮಗಳೂ ಒಂದೇ ಬಟ್ಟಲಿನಲ್ಲಿ ತಿಂದೆವು.

ಶಾಲೆಯ ಪ್ರಶ್ನೆ ಇನ್ನೂ ತೀರಿಲ್ಲ. ಮೈಸೂರಿಗೆ ಕಳುಹಿಸಿದರೆ ಅವಳು ತಂದೆಯ ಜೊತೆ ಇರುತ್ತಾಳೆ. ಇಲ್ಲಿಯೇ ಇದ್ದರೆ ಇನ್ನೆರಡು ವರ್ಷ ತಾತನ ಜೊತೆ ತೋಟದಲ್ಲಿ ಓಡಾಡುತ್ತಾಳೆ. ನಾನು ಮತ್ತು ಪತಿ ಇಬ್ಬರೇ ತೀರ್ಮಾನಿಸಲು ಹೊರಟಿದ್ದೆವು. ಅಪ್ಪ ಅಲ್ಲಿಗೂ ಅದೇ ಮಾತು ತಂದರು, ಅವಳನ್ನು ಕೇಳಿದಿರಾ ಎಂದು. ಏಳು ವರ್ಷದ ಮಗುವಿನ ಉತ್ತರಕ್ಕೆ ಎಷ್ಟು ತೂಕ ಕೊಡಬೇಕೆಂದು ನಮ್ಮೊಳಗೆ ಚರ್ಚೆ ನಡೆದಿದೆ. ಈ ಭಾನುವಾರ ಅವಳನ್ನೂ ಕೂರಿಸಿಕೊಂಡು ಮಾತಾಡುವುದೆಂದು ಒಪ್ಪಿದ್ದೇವೆ.

ಇದು ಇಂದಿನ ಬೆಳಗಿನ ದೃಶ್ಯ. ಅಪ್ಪನಿಗೆ ಬಗ್ಗಲು ಕಷ್ಟವಾಗುವುದರಿಂದ ಗೊಳವೆಯನ್ನು ಎತ್ತಿ ಹಿಡಿದಿರುವವಳು ಮಗಳು. ನಿನ್ನೆ ಸಂಜೆ ಗುಡುಗಿ ಬಂದ ಮಳೆ ಎಪ್ಪತ್ತು ಸೆಂಟ್. ಪುಸ್ತಕದಲ್ಲಿ ಅಪ್ಪನ ಓರೆ ಅಕ್ಷರಗಳ ಕೆಳಗೆ ಅವಳ ದುಂಡು ಅಂಕಿ ಇದೆ. ಹೂವು ಪೂರ್ತಿ ಬಿಡಲು ಇಷ್ಟು ಸಾಲದು ಎನ್ನುತ್ತಾರೆ ಅಪ್ಪ. ಇಂದು ರಾತ್ರಿಯೊಳಗೆ ಇನ್ನೊಂದು ಮಳೆ ಬಾರದಿದ್ದರೆ ನಾಳೆ ಬೆಳಿಗ್ಗೆ ಹಳ್ಳಕ್ಕೆ ಪೈಪ್ ಇಳಿಸಬೇಕು, ಹಾಗಾಗಿ ಕ್ಯಾಮೆರಾ ಆರಿಸಿ ನಾನೀಗ ಪಂಪಿಗೆ ಡೀಸೆಲ್ ತರಲು ಸುಂಟಿಕೊಪ್ಪಕ್ಕೆ ಹೊರಡುತ್ತಿದ್ದೇನೆ.