ಉಳಿಯುತ್ತಿದ್ದರು, ಉಳಿಯುತ್ತಿದ್ದರೇನೋ

ಕೇಳುಗರಿಗೆ ನಮಸ್ಕಾರ.

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ನೀರ್ಗಲ್ಲಿನ ಗುಡ್ಡಕ್ಕೆ ಬಡಿಯಿತು. ಮೂರು ಗಂಟೆ ತುಂಬುವ ಮೊದಲೇ ಮುಳುಗಿಹೋಯಿತು. ಸುಮಾರು 1,500 ಜನ ಸತ್ತರು. ಅಲ್ಲಿಗೆ ಹೆಚ್ಚು ದೂರವಲ್ಲದ ಜಾಗದಲ್ಲಿ ಕ್ಯಾಲಿಫೋರ್ನಿಯನ್ ಎಂಬ ಇನ್ನೊಂದು ಹಡಗು ರಾತ್ರಿಯ ಮಟ್ಟಿಗೆ ನಿಂತಿತ್ತು. ಅದರಲ್ಲಿ ಇದ್ದದ್ದು ಒಬ್ಬನೇ ವೈರ್‌ಲೆಸ್ ಆಪರೇಟರ್. ಅವನು ಮಲಗಿಬಿಟ್ಟಿದ್ದ. ಮೇಲೆ ಕಾವಲಿದ್ದ ಅಧಿಕಾರಿಗಳು ಆಕಾಶದಲ್ಲಿ, ಸಹಾಯ ಕೋರಿ ಟೈಟಾನಿಕ್ ಹಾರಿಸುತ್ತಿದ್ದ ರಾಕೆಟ್ ಕಂಡರು, ಕ್ಯಾಪ್ಟನ್‌ಗೆ ತಿಳಿಸಿದರು. ಬೆಳಗಾಗುವವರೆಗೂ ಹಡಗು ಕದಲಲಿಲ್ಲ.

ಬ್ರಿಟನ್ನಿನಲ್ಲಿ ಲಾರ್ಡ್ ಮರ್ಸಿ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ವರದಿಯಲ್ಲಿ ಕ್ಯಾಲಿಫೋರ್ನಿಯನ್ ಬಗ್ಗೆ ಒಂದು ವಾಕ್ಯವಿದೆ. ನಿಧಾನವಾಗಿ ಓದುತ್ತೇನೆ, ಕೇಳಿ. "ಹ್ಯಾಡ್ ಶಿ ಡನ್ ಸೋ, ಶಿ ಮೈಟ್ ಹ್ಯಾವ್ ಸೇವ್ಡ್ ಮೆನಿ ಇಫ್ ನಾಟ್ ಆಲ್ ಆಫ್ ದ ಲೈವ್ಸ್ ದಟ್ ವರ್ ಲಾಸ್ಟ್." ಹಾಗೆ ಮಾಡಿದ್ದರೆ, ಅಂದರೆ ಸಹಾಯಕ್ಕೆ ಹೋಗಿದ್ದರೆ, ಹೋದ ಜೀವಗಳಲ್ಲಿ ಎಲ್ಲವನ್ನೂ ಅಲ್ಲದಿದ್ದರೂ ಬಹಳಷ್ಟನ್ನು ಅದು ಉಳಿಸುತ್ತಿತ್ತೇನೋ.

ಈ 'ಮೈಟ್' ಬಗ್ಗೆಯೇ ಇವತ್ತಿನ ಮಾತು.

ಶಾಲೆಯಲ್ಲಿ ನಾವು ಕಲಿತ ವಾಕ್ಯ ಬೇರೆ. "ಇಫ್ ಯು ಹ್ಯಾಡ್ ವರ್ಕ್ಡ್ ಹಾರ್ಡ್, ಯು ವುಡ್ ಹ್ಯಾವ್ ಪಾಸ್ಡ್." ಓದಿದ್ದರೆ ಪಾಸಾಗುತ್ತಿದ್ದೆ. ಅಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಇದೊಂದನ್ನೇ ಬಾಯಿಪಾಠ ಮಾಡಿ, ನಡೆಯದೆ ಹೋದ ಎಲ್ಲದಕ್ಕೂ 'ವುಡ್ ಹ್ಯಾವ್' ಹಾಕುವುದು ನಮಗೆ ರೂಢಿಯಾಗಿದೆ. ಆದರೆ ನಡೆಯದೆ ಹೋದದ್ದು ಹೇಗೆ ಮುಗಿಯುತ್ತಿತ್ತು ಅಂತ ಎಷ್ಟು ಸಲ ಖಚಿತವಾಗಿ ಗೊತ್ತಿರುತ್ತದೆ ಹೇಳಿ? ಕನ್ನಡದಲ್ಲಿ ಮಾತಾಡುವಾಗ ನಾವು ತುಂಬಾ ಹುಷಾರು. "ಆಸ್ಪತ್ರೆಗೆ ಬೇಗ ಸೇರಿಸಿದ್ದರೆ ಉಳಿಯುತ್ತಿದ್ದರೇನೋ" ಅನ್ನುತ್ತೇವೆ. ಆ 'ಏನೋ' ಮಾಡುವ ಕೆಲಸವನ್ನೇ ಇಂಗ್ಲಿಷಿನಲ್ಲಿ 'ಮೈಟ್' ಮಾಡುತ್ತದೆ.

ಮರ್ಸಿ ವರದಿಯ ಅದಕ್ಕೂ ಹಿಂದಿನ ವಾಕ್ಯ ಇನ್ನೂ ಚೆನ್ನಾಗಿದೆ. ಹಿಮವನ್ನು ಸೀಳಿಕೊಂಡು ಹೋಗಲು ಆ ಹಡಗಿಗೆ ಆಗುತ್ತಿತ್ತು ಅನ್ನುವಲ್ಲಿ 'ಕುಡ್ ಹ್ಯಾವ್' ಇದೆ. ಹೋಗುವುದು ಹಡಗಿನ ಕೈಲಿತ್ತು, ಅದಕ್ಕೆ 'ಕುಡ್'. ಹೋದಮೇಲೆ ಜನ ಉಳಿಯುವುದು ಅದರ ಕೈಲಿರಲಿಲ್ಲ, ಅದಕ್ಕೆ 'ಮೈಟ್'. ಕನ್ನಡದಲ್ಲಿ 'ಬಹುದಿತ್ತು' ಎರಡೂ ಕಡೆ ನಡೆದುಬಿಡುತ್ತದೆ. "ಒಂದು ಫೋನ್ ಮಾಡಬಹುದಿತ್ತಲ್ವಾ" ಎಂದು ಮುನಿಸಿಕೊಳ್ಳುವಾಗಲೂ ಅದೇ, "ಅವರು ಬದುಕಬಹುದಿತ್ತು" ಎಂದು ಮರುಗುವಾಗಲೂ ಅದೇ. ಹಾಗಾಗಿ ಇಂಗ್ಲಿಷಿಗೆ ಹೋದಾಗ ಯಾವುದನ್ನು ಹಾಕಬೇಕು ಅಂತ ತಡವರಿಸುತ್ತೇವೆ.

1992ರಲ್ಲಿ ಬ್ರಿಟನ್ನಿನ ಹಡಗು ಅಪಘಾತ ತನಿಖಾ ಸಂಸ್ಥೆ ಈ ಪ್ರಕರಣವನ್ನು ಮತ್ತೆ ಕೈಗೆತ್ತಿಕೊಂಡಿತು. ರಾಕೆಟ್ ಕಂಡ ಕೂಡಲೇ ಕ್ಯಾಲಿಫೋರ್ನಿಯನ್ ಹೊರಟಿದ್ದರೂ ಟೈಟಾನಿಕ್ ಮುಳುಗುವ ಮೊದಲು ತಲುಪುತ್ತಿರಲಿಲ್ಲ ಎಂಬ ಅಭಿಪ್ರಾಯ ಆ ವರದಿಯಲ್ಲಿ ಬಂತು. 1912ರಲ್ಲಿ 'ವುಡ್ ಹ್ಯಾವ್' ಎಂದು ಬರೆದಿದ್ದರೆ, ಆ ಕ್ಯಾಪ್ಟನ್ ತಲೆಯ ಮೇಲೆ ಅಷ್ಟೂ ಸಾವುಗಳನ್ನು ಹೊರಿಸಿದ ಹಾಗಾಗುತ್ತಿತ್ತು.

ಇನ್ನು 'ಇಫ್' ಇರುವ ಕಡೆ ಸುಮ್ನೆ 'ಹ್ಯಾಡ್' ಸಾಕು. "ಇಫ್ ಹಿ ವುಡ್ ಹ್ಯಾವ್ ಕಮ್" ಅಂತ ಬರೆಯಬೇಡಿ. ಮರ್ಸಿ ಬರೆದಂತೆ 'ಹ್ಯಾಡ್' ಮೊದಲಿಗೆ ಬಂದರೆ 'ಇಫ್' ಕೂಡ ಬೇಡ.

ಜಾಸ್ತಿ ಎಚ್ಚರ ಬೇಕಾದದ್ದು 'ಮೇ' ಮತ್ತು 'ಮೈಟ್' ನಡುವೆ. ಅಪಘಾತದ ಸುದ್ದಿಯಲ್ಲಿ "ಇಫ್ ದಿ ಆಂಬ್ಯುಲೆನ್ಸ್ ಹ್ಯಾಡ್ ಕಮ್ ಇನ್ ಟೈಮ್, ಹಿ ಮೇ ಹ್ಯಾವ್ ಸರ್ವೈವ್ಡ್" ಎಂಬಂಥ ವಾಕ್ಯ ಕಾಣುತ್ತದೆ. 'ಮೇ ಹ್ಯಾವ್ ಸರ್ವೈವ್ಡ್' ಅಂದರೆ ಉಳಿದಿರಬಹುದು, ಇನ್ನೂ ಗೊತ್ತಿಲ್ಲ ಅಂತ. ಕಟ್ಟಡ ಕುಸಿದು, ಅವಶೇಷದಡಿ ಹುಡುಕಾಟ ನಡೆಯುತ್ತಿರುವಾಗ ಅದು ಸರಿಯಾದ ಮಾತು. ಆದರೆ ಮನುಷ್ಯ ತೀರಿಹೋಗಿದ್ದಾನೆ ಅಂತ ಗೊತ್ತಾದಮೇಲೆ 'ಮೈಟ್ ಹ್ಯಾವ್' ಅಂತಲೇ ಬರೆಯಿರಿ. ಅದನ್ನು ಓದುವವರಲ್ಲಿ ಅವನ ಮನೆಯವರೂ ಇರುತ್ತಾರೆ.

ನಮಸ್ಕಾರ.