ಮೊದಲು ಮಡಿಕೇರಿ, ಆಮೇಲೆ ಬೆಂಗಳೂರು

ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ಚಿತ್ರದ ವಿಷಯವನ್ನು ರೇಡಿಯೊದಲ್ಲಿ ಮಾತಾಡುವುದು ಸ್ವಲ್ಪ ಪೇಚಿನ ಕೆಲಸ, ತೋರಿಸುವ ಹಾಗಿಲ್ಲ. ಆದರೆ ನಾನು ಬರೆಯುವುದು ಕಥೆ ಹೇಳುವ ಚಿತ್ರಗಳನ್ನು, ಹಾಗಾಗಿ ಅರ್ಧ ಕೆಲಸ ಬಾಯಲ್ಲೂ ಆದೀತು. ಮೊದಲು ಸುದ್ದಿ ಹೇಳಿಬಿಡುತ್ತೇನೆ. ದಸರಾ ಮುಗಿದ ಮುಂದಿನ ವಾರ ಮಡಿಕೇರಿಯಲ್ಲಿ ನನ್ನ ವರ್ಣಚಿತ್ರ ಮತ್ತು ಅಚ್ಚುಚಿತ್ರಗಳ ಪ್ರದರ್ಶನ ಇದೆ. ಹುತ್ತರಿ ಕಳೆದ ಮೇಲೆ ಅವೇ ಮೈಸೂರಿಗೆ ಹೋಗುತ್ತವೆ, ಹೊಸ ವರ್ಷಕ್ಕೆ ಬೆಂಗಳೂರಿಗೆ. ಜಾಗ, ಸಮಯ ಎಲ್ಲವನ್ನೂ ಕಾರ್ಯಕ್ರಮದ ಕೊನೆಗೆ ಉದ್ಘೋಷಕರು ಓದಿ ಹೇಳುತ್ತಾರೆ. ಅಷ್ಟರೊಳಗೆ ಒಂದು ಪೆನ್ನು ಹುಡುಕಿಟ್ಟುಕೊಳ್ಳಿ.

"ಮೊದಲು ಬೆಂಗಳೂರಿನಲ್ಲಿ ಮಾಡಿ, ನಾಲ್ಕು ಪೇಪರಿನಲ್ಲಿ ಬರಲಿ, ಆಮೇಲೆ ಊರಿಗೆ ತನ್ನಿ" ಎಂದು ಗೆಳೆಯರು ಹೇಳಿದರು. ವ್ಯಾಪಾರದ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ಚಿತ್ರದೊಳಗೆ ಇರುವವರೆಲ್ಲ ಇಲ್ಲಿಯವರು. ಬೆಂಗಳೂರಿನವರು ನೋಡಿ "ಚೆನ್ನಾಗಿದೆ" ಅಂತಾರೆ. ಸುಂಟಿಕೊಪ್ಪದವರು ನೋಡಿದರೆ "ಆ ತಿರುವಿನಲ್ಲಿ ಸಿಲ್ವರ್ ಓಕ್ ಎಲ್ಲಿದೆ ಮಾರಾಯ್ರೆ, ಅಲ್ಲಿರೋದು ಹಲಸಿನ ಮರ" ಅಂತಾರೆ. ನನಗೆ ಬೇಕಾದ ವಿಮರ್ಶೆ ಈ ಎರಡನೆಯದು.

ಪ್ರದರ್ಶನದಲ್ಲಿ ಒಂದು ಉದ್ದದ ಚಿತ್ರವಿದೆ, ಗೋಡೆಯ ಈ ತುದಿಯಿಂದ ಆ ತುದಿಗೆ. ಕುಶಾಲನಗರದಿಂದ ಮಡಿಕೇರಿಗೆ ಬರುವ ರಸ್ತೆ. ಕುಶಾಲನಗರದಲ್ಲಿ ಒಬ್ಬ ಹೆಂಗಸು ಚೀಲ ಹಿಡಿದು ಬಸ್ಸು ಹತ್ತುತ್ತಾಳೆ. ಸುಂಟಿಕೊಪ್ಪಕ್ಕೆ ಬರುವಾಗ ಅವಳಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿದೆ. ಬೋಯಿಕೇರಿ ಹತ್ತಿರ ಮಂಜು ಒಳಗೆ ನುಗ್ಗುತ್ತದೆ, ಅವಳು ಗಾಜು ಎಳೆಯುತ್ತಿದ್ದಾಳೆ. ಮಡಿಕೇರಿಯಲ್ಲಿ ಇಳಿಯುವಾಗ ಮಳೆ. ಒಂದೇ ಹಾಳೆಯಲ್ಲಿ ಅದೇ ಹೆಂಗಸು ನಾಲ್ಕು ಸಲ, ಅದೇ ಬಸ್ಸು ನಾಲ್ಕು ಸಲ. ಮೊನ್ನೆ ಪಕ್ಕದ ಮನೆಯ ಹುಡುಗ ನೋಡಿ, "ಇವರು ನಾಲ್ಕು ಜನ ಅಕ್ಕತಂಗಿಯರಾ?" ಎಂದು ಕೇಳಿದ.

ಈ ಪದ್ಧತಿ ನನ್ನ ತಲೆಯಿಂದ ಬಂದದ್ದೇನಲ್ಲ. 1258ರಲ್ಲಿ ಕಟ್ಟಿದ ಸೋಮನಾಥಪುರದ ಕೇಶವ ದೇವಾಲಯಕ್ಕೆ ಹೋದರೆ ಹೊರಗೋಡೆಯ ಪಟ್ಟಿಕೆಯಲ್ಲಿ ರಾಮಾಯಣ, ಭಾರತ, ಭಾಗವತ ಸಾಲಾಗಿ ಸಾಗುತ್ತವೆ. ನೀವು ಪ್ರದಕ್ಷಿಣೆ ಬರುತ್ತಿದ್ದ ಹಾಗೆ ಕಥೆ ಮುಂದೆ ಹೋಗುತ್ತದೆ, ನಿಂತರೆ ಕಥೆಯೂ ನಿಲ್ಲುತ್ತದೆ. ಅಷ್ಟು ದೂರ ಯಾಕೆ, ವೀರಗಲ್ಲು ನೋಡಿ. ಕೆಳಗಿನ ಅಂಕಣದಲ್ಲಿ ವೀರ ಕಾದಾಡುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ, ಮೇಲಿನದರಲ್ಲಿ ಲಿಂಗದ ಮುಂದೆ ಕೂತಿರುತ್ತಾನೆ. ಒಂದು ಬದುಕು, ಮೂರು ಅಂಕಣ. ನಮ್ಮ ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ 1792ರದ್ದು, ಅದರ ಗೋಡೆಗಳ ಮೇಲೂ ಚಿತ್ರಗಳಿವೆ. ತಡಿಯಂಡಮೋಳ್ ಹತ್ತಲು ಬರುವವರು ಅದರ ಮುಂದೆಯೇ ಹಾದು ಹೋಗುತ್ತಾರೆ, ಒಳಗೆ ಕಾಲಿಡುವವರು ಕಡಿಮೆ.

ಇನ್ನು ವಿಜಯದಶಮಿಯ ರಾತ್ರಿ ಮಡಿಕೇರಿಯ ಬೀದಿಯಲ್ಲಿ ದಶಮಂಟಪಗಳ ಮೆರವಣಿಗೆ ನೋಡಿ ಬೆಳೆದವರಿಗೆ ನಾನು ಪಾಠ ಹೇಳುವುದೇನಿದೆ? ಟ್ರ್ಯಾಕ್ಟರಿನ ಮೇಲೆ ಆಳೆತ್ತರಕ್ಕಿಂತ ದೊಡ್ಡ ಗೊಂಬೆಗಳು, ರಾಕ್ಷಸ ಕೈ ಎತ್ತುತ್ತಾನೆ, ದೇವಿಯ ತ್ರಿಶೂಲ ಇಳಿಯುತ್ತದೆ, ಹೊಗೆ, ಬಣ್ಣದ ಬೆಳಕು, ಎದೆ ನಡುಗಿಸುವ ಸ್ಪೀಕರು. ಕೊನೆಗೆ ರಾಕ್ಷಸ ಸಾಯುತ್ತಾನೆ ಎಂದು ಹೆಗಲ ಮೇಲೆ ಕೂತ ಮಗುವಿಗೂ ಗೊತ್ತು. ಆದರೂ ಚಳಿಯಲ್ಲಿ ಬೆಳಗಿನ ಜಾವದವರೆಗೆ ಜನ ನಿಂತಿರುತ್ತಾರೆ. ತ್ರಿಶೂಲ ಮೇಲೆತ್ತಿ ಇನ್ನೂ ಇಳಿಯದ ಆ ಗಳಿಗೆಯನ್ನು ಮಂಟಪದವರು ಎಷ್ಟು ಹೊತ್ತು ಹಿಡಿದಿಡಬಲ್ಲರು ಎಂಬುದರಲ್ಲಿ ಅವರ ಕೈಚಳಕ ಇದೆ. ಕಥೆಯ ಯಾವ ಗಳಿಗೆಯನ್ನು ಬರೆಯಬೇಕು ಎಂಬುದನ್ನು ನಾನು ಕಲಾಶಾಲೆಗಿಂತ ಹೆಚ್ಚಾಗಿ ಆ ಬೀದಿಯಲ್ಲೇ ಕಲಿತೆ. ಸ್ಪೀಕರಿನ ಸದ್ದು ಸ್ವಲ್ಪ ಕಡಿಮೆಯಾದರೆ ಒಳ್ಳೆಯದು ಎಂಬುದು ನನ್ನ ಸ್ವಂತ ಅಭಿಪ್ರಾಯ, ಬಿಡಿ.

ಅಚ್ಚುಚಿತ್ರ ಅಂದ ಕೂಡಲೆ "ಓ, ಜೆರಾಕ್ಸಾ?" ಎಂದು ಕೇಳುತ್ತಾರೆ. ಅಲ್ಲ. ಎಚ್ಚಿಂಗ್ ಹೇಗೆ ಆಗುತ್ತದೆ ಎಂದು ಹೇಳುತ್ತೇನೆ ಕೇಳಿ. ಜಿಂಕ್ ತಗಡಿಗೆ ಮೇಣ ಬೆರೆಸಿದ ಕಪ್ಪು ಲೇಪ ಕೊಟ್ಟು, ಒಣಗಿದ ಮೇಲೆ ಸೂಜಿಯಿಂದ ಗೀಚುತ್ತೇವೆ. ಗೀಚಿದ ಕಡೆ ಲೋಹ ಹೊಳೆಯುತ್ತದೆ. ನೀರು ಬೆರೆಸಿದ ನೈಟ್ರಿಕ್ ಆಸಿಡ್‌ನಲ್ಲಿ ಇಟ್ಟರೆ ಆ ಗೆರೆಗಳನ್ನು ಮಾತ್ರ ಆಸಿಡ್ ತಿನ್ನುತ್ತದೆ. ಗೆರೆಯ ಉದ್ದಕ್ಕೂ ಸಣ್ಣ ಗುಳ್ಳೆಗಳು ಏಳುತ್ತವೆ, ಅವನ್ನು ಹಕ್ಕಿಯ ಗರಿಯಿಂದ ಮೆಲ್ಲಗೆ ಸವರಿ ಸರಿಸುತ್ತಿರಬೇಕು, ಇಲ್ಲದಿದ್ದರೆ ಗೆರೆ ಒರಟಾಗುತ್ತದೆ. ನಾನು ಕೋಳಿ ಗರಿ ಬಳಸುತ್ತೇನೆ, ನಮ್ಮಲ್ಲಿ ಅದಕ್ಕೇನೂ ಬರವಿಲ್ಲ. ಆಮೇಲೆ ತಗಡು ತೊಳೆದು, ಗೆರೆಯೊಳಗೆ ಶಾಯಿ ತುಂಬಿ, ಮೇಲಿನದನ್ನು ಬಟ್ಟೆಯಿಂದಲೂ ಅಂಗೈಯಿಂದಲೂ ಒರೆಸಿ, ಒದ್ದೆ ಕಾಗದ ಇಟ್ಟು, ಮೇಲೆ ದಪ್ಪ ಉಣ್ಣೆ ಹಾಸಿ ಪ್ರೆಸ್ಸಿನ ಉರುಳೆಗಳ ನಡುವೆ ಹಾಯಿಸುವುದು. ಬೇರೆ ಊರಿನ ಕಲಾವಿದರು ಕಾಗದವನ್ನು ನೀರಿನಲ್ಲಿ ನೆನೆಸುತ್ತಾರೆ. ಮಳೆ ಸುರಿಯುವ ಕಕ್ಕಡದ ತಿಂಗಳಲ್ಲಿ ನಮ್ಮ ಕಾಗದ ಬೀರುವಿನೊಳಗೇ ಅರ್ಧ ನೆನೆದಿರುತ್ತದೆ. ಬೂಷ್ಟು ಹಿಡಿಯದಂತೆ ಕಾಯುವುದೇ ಇಲ್ಲಿ ದೊಡ್ಡ ಕೆಲಸ.

ಎಲ್ಲವೂ ತಿರುಗಿ ಬರುತ್ತದೆ. ತಗಡಿನ ಮೇಲೆ ಎಡಕ್ಕೆ ಹೊರಟ ಆನೆ ಕಾಗದದ ಮೇಲೆ ಬಲಕ್ಕೆ ನಡೆಯುತ್ತದೆ. ಆನೆಗೆ ಅದರಿಂದ ನಷ್ಟವಿಲ್ಲ. ಆದರೆ ಬಸ್ಸಿನ ಡ್ರೈವರನ್ನು ತಗಡಿನಲ್ಲಿ ಎಡಕ್ಕೆ ಕೂರಿಸಬೇಕು, ಬೋರ್ಡಿನ 'ಮಡಿಕೇರಿ'ಯನ್ನು ಕನ್ನಡಿಯಲ್ಲಿ ಕಂಡ ಹಾಗೆ ಕೊರೆಯಬೇಕು.

ಕನ್ನಡಕ್ಕೂ ಅಚ್ಚುಕಲೆಗೂ ಹಳೆಯ ನಂಟಿದೆ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ಮಂಗಳೂರ ಸಮಾಚಾರ ಕಲ್ಲಚ್ಚಿನಲ್ಲಿ ಮುದ್ರಣವಾದ ಪತ್ರಿಕೆ. ಅದೇ ಮೋಗ್ಲಿಂಗ್ ಮುಂದಿನ ದಶಕದಲ್ಲಿ ನಮ್ಮ ಕೊಡಗಿಗೂ ಬಂದು ನೆಲೆಸಿದರು. ಒಂದನ್ನೇ ಹಲವರ ಕೈಗೆ ಮುಟ್ಟಿಸುವುದು ಅಚ್ಚಿನ ಗುಣ. ನನ್ನ ಒಂದೊಂದು ತಗಡಿನಿಂದ ಹದಿನೈದು ಪ್ರತಿ ತೆಗೆಯುತ್ತೇನೆ. ಕೆಳಗೆ ಪೆನ್ಸಿಲಿನಲ್ಲಿ 3/15 ಎಂದಿದ್ದರೆ ಅದು ಹದಿನೈದರಲ್ಲಿ ಮೂರನೆಯದು. ಆಮೇಲೆ ತಗಡಿನ ಮೇಲೆ ಅಡ್ಡಗೆರೆ ಎಳೆದು ಮುಗಿಸಿಬಿಡುತ್ತೇನೆ. ವರ್ಣಚಿತ್ರ ಕೊಳ್ಳಲಾಗದವರೂ ಇದನ್ನು ಕೊಳ್ಳಬಹುದು ಎಂಬ ಆಸೆಯಿಂದಲೇ ಬೆಲೆ ಇಟ್ಟಿದ್ದೇನೆ.

ಒಂದು ವಿಷಯ ಬಾಕಿ ಇದೆ. ಒಳಗಿನ ಕೋಣೆಯಲ್ಲಿ 2018ರ ಆಗಸ್ಟಿನ ಬಗ್ಗೆ ಕೆಲವು ಸಣ್ಣ ಎಚ್ಚಿಂಗ್‌ಗಳಿವೆ, ಬರೀ ಕಪ್ಪು ಬಿಳುಪು. ಗುಡ್ಡ ಜರಿಯುವುದನ್ನು ನಾನು ಬರೆದಿಲ್ಲ, ಟಿವಿಯವರು ಅದನ್ನು ಬೇಕಾದಷ್ಟು ತೋರಿಸಿದ್ದಾರೆ. ಪರಿಹಾರ ಕೇಂದ್ರದ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು, ಹಗ್ಗ ಬಿಚ್ಚಿ ಬಿಟ್ಟ ಹಸು, ಬೆಂಚಿನ ಮೇಲೆ ಒಣಗಲು ಹರವಿದ ಪಹಣಿ ಪತ್ರ, ಇಂಥವು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆಯವರು ದಯವಿಟ್ಟು ಬಂದು ನೋಡಬೇಕು. "ಇದು ನಮ್ಮ ಮನೆಯ ವಿಷಯ, ಹೊರಗೆ ಹೋಗುವುದು ಬೇಡ" ಎಂದು ಯಾರಿಗಾದರೂ ಅನಿಸಿದರೆ ನನ್ನ ಹತ್ತಿರ ಹೇಳಿ. ಆ ಚಿತ್ರ ಮೈಸೂರಿನ ಗಾಡಿ ಹತ್ತುವುದಿಲ್ಲ.

ಪ್ರವೇಶಕ್ಕೆ ದುಡ್ಡಿಲ್ಲ. ಮಕ್ಕಳನ್ನು ಕರೆತನ್ನಿ, ಅವರಿಗೆಂದು ಒಂದು ಮೇಜಿನ ಮೇಲೆ ಲಿನೋ ಅಚ್ಚು ಮತ್ತು ಶಾಯಿ ಇಟ್ಟಿರುತ್ತೇವೆ, ತಾವೇ ಒಂದು ಪ್ರತಿ ತೆಗೆದು ಮನೆಗೆ ಒಯ್ಯಬಹುದು. ಬಿಳಿ ಅಂಗಿ ಮಾತ್ರ ಹಾಕಿ ಕಳಿಸಬೇಡಿ. ಹಾಗೆಯೇ ಒದ್ದೆ ಕೊಡೆಯನ್ನು ಒಳಗೆ ತರಬೇಡಿ, ಬಾಗಿಲ ಹತ್ತಿರ ಬಕೆಟ್ ಇಟ್ಟಿದೆ. ನಮಸ್ಕಾರ.